ಮಲ್ಲಯ್ಯನ ಗುಡ್ಡಕ್ಕೆ ನಡೆದು ಹೋಗುವವರಿಗೆ ಒಂದಿಷ್ಟು ವಿಜ್ಞಾನ

ಹೋಳಿ ಹುಣ್ಣಿಮೆಯ ಬಣ್ಣ ಮೈಯಿಂದ ಪೂರ್ತಿ ಇಳಿಯುವ ಮೊದಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಯ ರಸ್ತೆಗಳ ಮೇಲೆ ಪಾದಯಾತ್ರಿಗಳ ಸಾಲು ಕಾಣತೊಡಗುತ್ತದೆ. ಹೆಗಲ ಮೇಲೆ ಕಂಬಿ, ಬೆನ್ನಿಗೊಂದು ಗಂಟು, ಬಾಯಲ್ಲಿ ಮಲ್ಲಯ್ಯನ ಹೆಸರು. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕೆಂಬುದು ಎಲ್ಲರ ಹಂಬಲ. ಭ್ರಮರಾಂಬೆ ನಮ್ಮ ಮನೆಯ ಮಗಳು ಎಂಬುದು ಈ ಭಾಗದವರ ನಂಬಿಕೆ. ಹಬ್ಬಕ್ಕೆ ಮಗಳ ಮನೆಗೆ ಹೋಗುವವರು ಬರಿಗೈಯಲ್ಲಿ ಹೋದಾರೆಯೇ? ಸೀರೆ, ಕುಪ್ಪಸ, ಅರಿಶಿನ-ಕುಂಕುಮ ಕಟ್ಟಿಕೊಂಡೇ ಹೊರಡುತ್ತಾರೆ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಯತ್ತ ನಡೆದುಹೋದಳು. ಅಂದಿನಿಂದಲೂ ಕನ್ನಡನಾಡಿಗೆ ಆ ಗುಡ್ಡದ ನಂಟು ಕಡಿದಿಲ್ಲ.

ಈ ಯಾತ್ರೆಯ ಪುಣ್ಯದ ಲೆಕ್ಕ ಹೇಳುವುದು ನನ್ನ ಕೆಲಸವಲ್ಲ. ಅದಕ್ಕೆ ತಿಳಿದವರು ಬೇರೆ ಇದ್ದಾರೆ. ಆದರೆ ನಾಲ್ಕುನೂರು ಐದುನೂರು ಕಿಲೋಮೀಟರು ನಡೆಯುವುದು ದೇಹ. ಆ ದೇಹ ಶಾಖ, ಘರ್ಷಣೆ, ಆವೀಕರಣಗಳ ನಿಯಮಕ್ಕೆ ಒಳಪಟ್ಟಿದೆ. ಪ್ರತಿವರ್ಷ ಈ ದಿನಗಳಲ್ಲಿ ಬಿಸಿಲಿಗೆ ಕುಸಿದುಬಿದ್ದವರ, ಕತ್ತಲಲ್ಲಿ ವಾಹನ ಬಡಿದು ಕೈಕಾಲು ಕಳೆದುಕೊಂಡವರ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಅವುಗಳಲ್ಲಿ ಹಲವನ್ನು ತಪ್ಪಿಸಲು ಸಾಧ್ಯ. ಬೇಕಾದದ್ದು ಎಂಟನೆಯ, ಒಂಬತ್ತನೆಯ ತರಗತಿಯ ವಿಜ್ಞಾನ ಮಾತ್ರ. ಆದ್ದರಿಂದ ಈ ವಾರ ವಿದ್ಯಾರ್ಥಿ ಮಿತ್ರರು ಇದನ್ನು ತಾವು ಓದಿ, ಮನೆಯಲ್ಲಿ ಹೊರಟು ನಿಂತ ಹಿರಿಯರಿಗೂ ಓದಿ ಹೇಳಬೇಕೆಂದು ಕೋರುತ್ತೇನೆ.

ಹೆಸರಿಗೆ ವಸಂತ, ಬಿಸಿಲು ಬೇಸಿಗೆಯದು

ಯುಗಾದಿಯೆಂದರೆ ವಸಂತ ಋತುವಿನ ಮೊದಲ ದಿನ. ಮಾವು ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ನಿಜ. ಆದರೆ ಕೃಷ್ಣಾ-ತುಂಗಭದ್ರೆಯರ ನಡುವಿನ ಬಯಲಿನಲ್ಲಿ ಮಾರ್ಚ್ ಕೊನೆಯ ಹೊತ್ತಿಗೇ ಪಾದರಸ 38-40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಯುಗಾದಿ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದೊಡನೆ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಅಂದರೆ 'ಹೋದ ಸಲ ಇಷ್ಟು ಬಿಸಿಲು ಇರಲಿಲ್ಲ' ಎಂಬ ಅನುಭವದ ಮಾತನ್ನು ನೆಚ್ಚುವಂತಿಲ್ಲ. ಹೊರಡುವ ಮುನ್ನ ಕ್ಯಾಲೆಂಡರ್ ನೋಡಿರಿ. ಏಪ್ರಿಲ್‌ನಲ್ಲಿ ಬರುವ ಯುಗಾದಿಗೆ ನಡೆಯುವವರು ದಿನದ ಗುರಿಯನ್ನು ಐದಾರು ಕಿಲೋಮೀಟರು ತಗ್ಗಿಸಿಕೊಂಡು, ಒಂದೆರಡು ದಿನ ಮುಂಚೆಯೇ ಮನೆ ಬಿಡುವುದು ಒಳಿತು.

ಆರು ಲಕ್ಷ ಹೆಜ್ಜೆ

ಒಂದು ಸಣ್ಣ ಗಣಿತ. ದಾರಿ 450 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಒಂದು ಹೆಜ್ಜೆಗೆ 75 ಸೆಂಟಿಮೀಟರು. ಒಟ್ಟು ಆರು ಲಕ್ಷ ಹೆಜ್ಜೆಗಳಾದವು, ಒಂದೊಂದು ಪಾದಕ್ಕೆ ಮೂರು ಲಕ್ಷ. ಪ್ರತಿ ಸಲ ಹೆಜ್ಜೆ ಊರಿದಾಗಲೂ ಆ ಕಾಲಿನ ಮೇಲೆ ದೇಹದ ತೂಕಕ್ಕಿಂತ ಸ್ವಲ್ಪ ಹೆಚ್ಚೇ ಬಲ ಬೀಳುತ್ತದೆ. ವರ್ಷವಿಡೀ ಅಂಗಡಿಯ ಗಲ್ಲೆಯ ಮುಂದೆಯೋ ಕಚೇರಿಯ ಕುರ್ಚಿಯಲ್ಲೋ ಕುಳಿತವರು ಒಮ್ಮೆಲೇ ಇಂಥ ಕೆಲಸಕ್ಕೆ ಕಾಲನ್ನು ಒಡ್ಡಿದರೆ ಅದು ಮೂರನೆಯ ದಿನವೇ ಮುಷ್ಕರ ಹೂಡುತ್ತದೆ.

ಹೋಳಿಗೆ ಹೊರಡುವವರು ಸಂಕ್ರಾಂತಿಯಿಂದಲೇ ಅಭ್ಯಾಸ ಮಾಡಬೇಕು. ಮೊದಲ ವಾರ ದಿನಕ್ಕೆ ಮೂರು-ನಾಲ್ಕು ಕಿಲೋಮೀಟರು ಸಾಕು. ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿರಿ. ಕೊನೆಯ ಎರಡು ವಾರ, ರವಿವಾರಗಳಂದು 15-20 ಕಿಲೋಮೀಟರು ನಡೆದು ನೋಡಿರಿ. ಯಾತ್ರೆಗೆ ಹಾಕಿಕೊಳ್ಳುವ ಅದೇ ಚಪ್ಪಲಿ ಅಥವಾ ಬೂಟು, ಹೊರುವ ಅದೇ ಚೀಲ ಇರಲಿ. ಕೊನೆಯ ಹತ್ತು-ಹದಿನಾಲ್ಕು ದಿನಗಳಲ್ಲಿ ದಿನಕ್ಕೊಂದು ತಾಸಾದರೂ ಬಿಸಿಲಿನ ಹೊತ್ತಿನಲ್ಲಿ ನಡೆಯುವುದು ಲಾಭಕರ. ದೇಹಕ್ಕೆ ಶಾಖವನ್ನು ರೂಢಿಸಿಕೊಳ್ಳುವ ಗುಣವಿದೆ. ರೂಢಿಯಾದ ದೇಹ ಬೇಗ ಬೆವರಲು ಶುರುಮಾಡುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆಯುತ್ತದೆ. ಇದು ಎರಡು ವಾರದಲ್ಲಿ ಆಗುವ ಬದಲಾವಣೆ, ಒಂದೇ ದಿನದಲ್ಲಿ ಆಗದು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕಾಣದೆ ಹೊರಡಬಾರದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತವೆ. ಬಿಸಿಲಿನಲ್ಲಿ ನಡೆಯುವ ದಿನಗಳಿಗೆ ಅವುಗಳ ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು. 'ದೇವರ ದಾರಿಯಲ್ಲಿ ಗುಳಿಗೆ ಯಾಕೆ' ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದಂತೂ ಅಪಾಯ.

ನೆರಳೇ ಗಡಿಯಾರ

ಯಾವಾಗ ನಡೆಯಬೇಕು, ಯಾವಾಗ ನಿಲ್ಲಬೇಕು? ಇದಕ್ಕೆ ಗಡಿಯಾರಕ್ಕಿಂತ ಒಳ್ಳೆಯ ಸಾಧನ ನಿಮ್ಮ ನೆರಳು. ಮಾರ್ಚ್ 21ರ ಸುಮಾರಿಗೆ ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲಿರುತ್ತಾನೆ. ರಾಯಚೂರು, ಶ್ರೀಶೈಲಗಳು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದ್ದರಿಂದ ಅಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 74 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ನಿಮ್ಮ ನೆರಳು ನಿಮ್ಮಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿಯಲ್ಲಿದ್ದಾನೆ ಎಂದರ್ಥ. ಬೆಳಿಗ್ಗೆ ಹೀಗಾಗುವುದು ಒಂಬತ್ತೂವರೆಯ ಸುಮಾರಿಗೆ. ನೆರಳು ಅದಕ್ಕಿಂತ ಕುಗ್ಗಿತೋ, ರಸ್ತೆ ಬಿಟ್ಟು ಮರದ ಕೆಳಗೆ ಸೇರಬೇಕು.

ಸಂಜೆಗೆ ಇದೇ ನಿಯಮ ಸಾಲದು. ಏಕೆ? ನೆಲ ಬೆಳಗಿನಿಂದ ಬಿಸಿಲನ್ನು ಹೀರಿ ಕಾದಿರುತ್ತದೆ, ಆ ನೆಲ ಗಾಳಿಯನ್ನು ಕಾಯಿಸುತ್ತದೆ. ಹೀಗಾಗಿ ದಿನದ ಗರಿಷ್ಠ ಉಷ್ಣತೆ ದಾಖಲಾಗುವುದು ನಡುಮಧ್ಯಾಹ್ನಕ್ಕಲ್ಲ, ಮಧ್ಯಾಹ್ನ ಎರಡೂವರೆ-ಮೂರು ಗಂಟೆಯ ಹೊತ್ತಿಗೆ. ಆದ್ದರಿಂದ ನೆರಳು ನಿಮ್ಮ ಎತ್ತರದ ಎರಡರಷ್ಟಾಗುವ ತನಕ, ಅಂದರೆ ಸುಮಾರು ನಾಲ್ಕೂವರೆಯವರೆಗೆ ಕಾಯಿರಿ. ಒಟ್ಟಿನಲ್ಲಿ ಬೆಳಗಿನ ಜಾವ ನಾಲ್ಕರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಆರೂವರೆ. ನಡುವೆ ವಿಶ್ರಾಂತಿ ತೆಗೆದುಕೊಂಡರೂ ಇಷ್ಟು ಸಮಯದಲ್ಲಿ 25-30 ಕಿಲೋಮೀಟರು ಸಾಗಬಹುದು.

ಚಂದ್ರನೂ ಈ ವೇಳಾಪಟ್ಟಿಗೆ ಒಪ್ಪಿಗೆ ಕೊಟ್ಟಿದ್ದಾನೆ! ಹೋಳಿಯಿಂದ ಯುಗಾದಿಯವರೆಗಿನದು ಕೃಷ್ಣಪಕ್ಷ. ಈ ಪಕ್ಷದಲ್ಲಿ ಚಂದ್ರ ದಿನದಿನಕ್ಕೂ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೇ ಸಂಜೆಯ ಹೊತ್ತು ಕಗ್ಗತ್ತಲು. ಆದರೆ ಬೆಳಗಿನ ಜಾವದಲ್ಲಿ ಚಂದ್ರ ಆಕಾಶದಲ್ಲಿ ಇದ್ದೇ ಇರುತ್ತಾನೆ. ಅಷ್ಟಮಿಯ ನಂತರ ಅವನ ಬೆಳಕು ಕ್ಷೀಣಿಸುತ್ತದೆ, ಚತುರ್ದಶಿ-ಅಮಾವಾಸ್ಯೆಗೆ ಪೂರ್ತಿ ಇಲ್ಲವಾಗುತ್ತದೆ. ಬಹುತೇಕ ತಂಡಗಳು ನಲ್ಲಮಲ ಕಾಡನ್ನು ಹೊಗುವುದು ಆ ಕೊನೆಯ ದಿನಗಳಲ್ಲಿಯೇ. ಕಾಡಿನ ದಾರಿಯನ್ನು ಹಗಲಿನಲ್ಲಿಯೇ ದಾಟಬೇಕೆಂಬುದಕ್ಕೆ ಇದೂ ಒಂದು ಕಾರಣ.

ವಾಹನಕ್ಕೆ ನೀವು ಕಾಣಬೇಕು

ಹುಲಿ-ಕರಡಿಗಿಂತ ಪಾದಯಾತ್ರಿಗೆ ಹೆಚ್ಚಿನ ಅಪಾಯ ಲಾರಿ, ಕಾರುಗಳದು. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಬಂದಿರುತ್ತದೆ. ಚಾಲಕ ನಿಮ್ಮನ್ನು ನೋಡಿ, ಮಿದುಳಿಗೆ ಸುದ್ದಿ ಮುಟ್ಟಿ, ಕಾಲು ಬ್ರೇಕಿನ ಮೇಲೆ ಬರುವ ಹೊತ್ತಿಗೇ ಅಷ್ಟು ದೂರ ಕಳೆದುಹೋಗಿರುತ್ತದೆ. ಬ್ರೇಕು ಹಿಡಿದು ಗಾಡಿ ನಿಲ್ಲಲು ಇನ್ನಷ್ಟು ಜಾಗ ಬೇಕು.

ನಮ್ಮ ದೇಶದಲ್ಲಿ ವಾಹನಗಳು ಎಡಕ್ಕೆ ಚಲಿಸುತ್ತವೆ. ನಡೆಯುವವರು ರಸ್ತೆಯ ಬಲ ಅಂಚಿನಲ್ಲಿ, ಎದುರು ಬರುವ ವಾಹನಗಳಿಗೆ ಮುಖ ಮಾಡಿ ನಡೆಯಬೇಕು. ಆಗ ಅಪಾಯ ಬೆನ್ನ ಹಿಂದಿನಿಂದ ಬಾರದೆ ಕಣ್ಣೆದುರೇ ಬರುತ್ತದೆ, ಪಕ್ಕಕ್ಕೆ ಜಿಗಿಯಲು ಸಮಯ ಸಿಗುತ್ತದೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ, ಹರಟೆ ಹೊಡೆಯುತ್ತ ನಾಲ್ವರು ಜೊತೆಗೂಡಿ ಅಲ್ಲ. ಬಿಳಿ ಅಥವಾ ತಿಳಿಬಣ್ಣದ ಬಟ್ಟೆ ಕತ್ತಲಲ್ಲಿ ಕಾಣುತ್ತದೆ, ಹಗಲಲ್ಲಿ ಬಿಸಿಲನ್ನೂ ಕಡಿಮೆ ಹೀರುತ್ತದೆ. ಸೈಕಲ್ ಅಂಗಡಿಗಳಲ್ಲಿ ಸಿಗುವ, ಬೆಳಕು ಬಿದ್ದರೆ ಹೊಳೆಯುವ ಅಂಟುಪಟ್ಟಿಯನ್ನು ಚೀಲದ ಹಿಂದೆ, ಕಂಬಿಯ ತುದಿಗಳಿಗೆ ಅಂಟಿಸಿರಿ. ಅದಕ್ಕೆ ತಗಲುವ ಖರ್ಚು ಒಂದು ಚಹಾದ ಬೆಲೆಗಿಂತ ಬಹಳ ಹೆಚ್ಚಿರಲಾರದು. ಸಾಲಿನ ಮೊದಲಿನವರ ಕೈಯಲ್ಲೂ ಕೊನೆಯವರ ಕೈಯಲ್ಲೂ ಬ್ಯಾಟರಿ ಇರಲಿ. ದಣಿದು ಮಲಗುವಾಗ ಡಾಂಬರು ರಸ್ತೆಯ ಅಂಚು ಬೇಡ, ನಿಂತ ಲಾರಿಯ ನೆರಳೂ ಬೇಡ.

ಅಜ್ಜನ ಬರಿಗಾಲು, ಇಂದಿನ ಡಾಂಬರು

ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ನಮ್ಮ ಅಜ್ಜ ಬರಿಗಾಲಿಲೆ ಮಲ್ಲಯ್ಯಗ ಹೋಗಿ ಬಂದಾನಂತ್ರಿ. ನಮಗ್ಯಾಕ ಆಗಂಗಿಲ್ರಿ?" ಪ್ರಶ್ನೆ ಬಹಳ ಒಳ್ಳೆಯದು. ಅಜ್ಜ ನಡೆದದ್ದು ಹೆಚ್ಚಾಗಿ ಮಣ್ಣಿನ ಚಕ್ಕಡಿ ದಾರಿಯಲ್ಲಿ. ಹೊಲದಲ್ಲಿ ದುಡಿದ ಅವನ ಅಂಗಾಲು ಚರ್ಮದ ಅಟ್ಟೆಯಂತೆ ದಪ್ಪಗಾಗಿತ್ತು. ಇಂದಿನ ಡಾಂಬರಿನ ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ. ಗಾಳಿ 38-40 ಡಿಗ್ರಿ ಇದ್ದಾಗ ರಸ್ತೆಯ ಮೈ 60 ಡಿಗ್ರಿಯವರೆಗೂ ಕಾಯಬಲ್ಲದು. ಅಷ್ಟು ಬಿಸಿಯ ಮೇಲೆ ಎಳೆಯ ಚರ್ಮ ಸುಡಲು ಹೆಚ್ಚು ಹೊತ್ತು ಬೇಡ.

ಬರಿಗಾಲಿನ ಹರಕೆ ಇದ್ದವರಿಗೆ ಬೇಡವೆನ್ನಲು ನಾನಾರು? ಆದರೆ ಅವರು ಸೂರ್ಯ ಏರುವ ಮೊದಲೇ ನಡೆದು ಮುಗಿಸಲಿ, ಡಾಂಬರು ಬಿಟ್ಟು ಪಕ್ಕದ ಮಣ್ಣಿನ ಮೇಲೆ ನಡೆಯಲಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಬರಿಗಾಲಲ್ಲಿ ನಡೆಯಲೇಬಾರದು. ಆ ಕಾಯಿಲೆಯಲ್ಲಿ ಪಾದದ ನರಗಳು ಮಂಕಾಗಿ ಮುಳ್ಳು ಚುಚ್ಚಿದ್ದೂ ಚರ್ಮ ಸುಟ್ಟದ್ದೂ ತಿಳಿಯದೆ ಹೋಗಬಹುದು. ಗಾಯ ಮಾಯುವುದೂ ನಿಧಾನ. ಯಾತ್ರೆ ಮುಗಿಸಿ ಬಂದು ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಹಂತಕ್ಕೆ ಹೋಗುವುದು ಇಂಥ ಗಾಯಗಳೇ. ಹರಕೆಯನ್ನು ಕಾಣಿಕೆಗೋ ದಾಸೋಹದ ಸೇವೆಗೋ ಬದಲಿಸಿಕೊಳ್ಳಲು ನಮ್ಮ ಸಂಪ್ರದಾಯದಲ್ಲಿ ಹಿರಿಯರು ದಾರಿ ತೋರಿಸುತ್ತಾರೆ, ಕೇಳಬೇಕಷ್ಟೆ.

ಬೊಬ್ಬೆ ಏಳುವುದೇಕೆ? ಚಪ್ಪಲಿಯೋ ಕಾಲುಚೀಲವೋ ಚರ್ಮದ ಮೇಲುಪದರವನ್ನು ಹಿಡಿದುಕೊಳ್ಳುತ್ತದೆ. ಒಳಗಿನ ಎಲುಬು ಮುಂದಕ್ಕೂ ಹಿಂದಕ್ಕೂ ಸರಿಯುತ್ತಿರುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳು ಬೇರೆಯಾಗಿ ನಡುವೆ ನೀರು ತುಂಬಿಕೊಳ್ಳುತ್ತದೆ. ಬೆವರಿನಿಂದ ನೆನೆದ ಚರ್ಮದಲ್ಲಿ ಇದು ಬೇಗ ಆಗುತ್ತದೆ. ಹಾಗಾಗಿ ಪರಿಹಾರ ಮೂರು. ಪಾದ ಒಣಗಿರಬೇಕು, ಘರ್ಷಣೆ ಕಡಿಮೆ ಇರಬೇಕು, ಪಾದರಕ್ಷೆ ಹಳತಾಗಿರಬೇಕು. ಹೊಸ ಬೂಟು ಕೊಂಡು ಮರುದಿನವೇ ಹೊರಡುವವರು ಮೊದಲ ಊರಿನಲ್ಲೇ ಕುಂಟುತ್ತಾರೆ. ಎರಡು ತೆಳು ಕಾಲುಚೀಲ ಹಾಕಿದರೆ ಸರಿದಾಟ ಅವೆರಡರ ನಡುವೆ ನಡೆದು ಚರ್ಮ ಉಳಿಯುತ್ತದೆ. ಬೆರಳ ಸಂದಿಗೆ, ಹಿಮ್ಮಡಿಗೆ ತೆಳುವಾಗಿ ವ್ಯಾಸಲೀನ್ ಸವರಿರಿ. ಪ್ರತಿ ನಿಲುಗಡೆಯಲ್ಲೂ ಪಾದವನ್ನು ಗಾಳಿಗೆ ಒಡ್ಡಿರಿ. ಚುರುಗುಟ್ಟುವ ಜಾಗ ಕಂಡೊಡನೆ ಅಂಟುಪಟ್ಟಿ ಹಾಕಿರಿ, ಬೊಬ್ಬೆ ಏಳುವವರೆಗೆ ಕಾಯಬೇಡಿರಿ. ಎದ್ದ ಬೊಬ್ಬೆಯ ಚರ್ಮವನ್ನು ಕಿತ್ತುಹಾಕಬಾರದು. ಅದು ಪ್ರಕೃತಿಯೇ ಕಟ್ಟಿದ ಪಟ್ಟಿ.

ಬೆವರಿನ ಲೆಕ್ಕ

60 ಕಿಲೋ ತೂಕದವರು ಒಂದು ಕಿಲೋಮೀಟರು ನಡೆದರೆ ಸುಮಾರು 50 ಕಿಲೋಕ್ಯಾಲೊರಿ ಖರ್ಚಾಗುತ್ತದೆ. 30 ಕಿಲೋಮೀಟರಿಗೆ 1500. ಇದರಲ್ಲಿ ಬಹುಪಾಲು ಶಾಖವಾಗಿ ದೇಹದೊಳಗೇ ಹುಟ್ಟುತ್ತದೆ, ಅದನ್ನು ಹೊರಹಾಕಬೇಕು. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಅಂದರೆ ನಡಿಗೆಯ ಶಾಖವೊಂದಕ್ಕೇ ಎರಡರಿಂದ ಎರಡೂವರೆ ಲೀಟರು ಬೆವರು ಬೇಕಾಯಿತು. ಬಿಸಿಲಿನದು ಬೇರೆ. ಗಾಳಿಯ ಉಷ್ಣತೆ ಚರ್ಮದ 35 ಡಿಗ್ರಿಯನ್ನು ಮೀರಿದ ಮೇಲೆ ಗಾಳಿ ನಮ್ಮನ್ನು ತಂಪು ಮಾಡುವುದಿಲ್ಲ, ಕಾಯಿಸುತ್ತದೆ. ಆಗ ಬೆವರು ಆರುವುದೊಂದೇ ತಂಪಾಗುವ ದಾರಿ.

ಆದ್ದರಿಂದ ಇಡೀ ದಿನಕ್ಕೆ ಐದಾರು ಲೀಟರು ಪಾನೀಯ ಬೇಕು. ಬಾಯಾರಿದಾಗ ಒಮ್ಮೆಲೇ ಹೊಟ್ಟೆ ತುಂಬ ಕುಡಿಯುವುದಕ್ಕಿಂತ ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ಕುಡಿಯುವುದು ಲೇಸು. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ, ಗಾಢ ಹಳದಿಯಾದರೆ ಸಾಲದು. ಆದರೆ ಬರೀ ನೀರೂ ಸಲ್ಲದು. ಪ್ರತಿ ಲೀಟರು ಬೆವರಿನೊಡನೆ ಒಂದರಿಂದ ಮೂರು ಗ್ರಾಂ ಉಪ್ಪು ಹೋಗುತ್ತದೆ. ಉಪ್ಪನ್ನು ತುಂಬದೆ ಲೀಟರುಗಟ್ಟಲೆ ನೀರನ್ನಷ್ಟೇ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಕಾಣಿಸುತ್ತವೆ. ನಮ್ಮ ಹಿರಿಯರ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಲಿಂಬೆಯ ಶರಬತ್ತುಗಳಿಗಿಂತ ಇದಕ್ಕೆ ಒಳ್ಳೆಯ ಮದ್ದಿಲ್ಲ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ನೀರು-ಉಪ್ಪಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ವಾಂತಿ-ಭೇದಿ ಶುರುವಾದರೆ ಓ.ಆರ್.ಎಸ್. ಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಸಕ್ಕರೆ ಇರುವುದು ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಕೈಹಿಡಿದು ಒಟ್ಟಿಗೇ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಈ ಸರಳ ದ್ರಾವಣವನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಉಪ್ಪು, ಸಕ್ಕರೆ, ನೀರು ಎಂದು ಯಾರೂ ಹಗುರಾಗಿ ಕಾಣಬಾರದು.

ಕುಸಿದವರನ್ನು ಕಂಡಾಗ

ವಿದ್ಯಾರ್ಥಿಗಳೇ, ಈ ಭಾಗವನ್ನು ಎರಡು ಸಲ ಓದಿರಿ. ಬಿಸಿಲಿನ ದಣಿವಿನಲ್ಲಿ ತಲೆಸುತ್ತು, ಸುಸ್ತು, ಮೀನಖಂಡದ ಹಿಡಿತ, ವಿಪರೀತ ಬೆವರು ಇರುತ್ತವೆ. ಮಾತು ಸರಿಯಾಗಿರುತ್ತದೆ. ನೆರಳಿಗೆ ಕರೆದೊಯ್ದು, ಕಾಲನ್ನು ಎತ್ತರಕ್ಕಿಟ್ಟು, ಉಪ್ಪು-ಸಕ್ಕರೆ ನೀರು ಕುಡಿಸಿದರೆ ಚೇತರಿಸಿಕೊಳ್ಳುತ್ತಾರೆ. ಆ ದಿನದ ನಡಿಗೆ ಅಲ್ಲಿಗೇ ನಿಲ್ಲಬೇಕು.

ಬಿಸಿಲಿನ ಹೊಡೆತ ಬೇರೆ. ದೇಹದ ಉಷ್ಣತೆ 40 ಡಿಗ್ರಿ ದಾಟುತ್ತದೆ. ಮೈ ಕೆಂಡದಂತೆ ಸುಡುತ್ತದೆ. ಮಾತು ತೊದಲುತ್ತದೆ, ಅಸಂಬದ್ಧವಾಗುತ್ತದೆ, ಪ್ರಜ್ಞೆ ತಪ್ಪುತ್ತದೆ. 'ಮೈಮೇಲೆ ದೇವರು ಬಂದಿದೆ' ಎಂದು ಸುತ್ತ ನಿಂತು ನೋಡುವ ಸಮಯ ಇದಲ್ಲ. ಒಬ್ಬರು 108ಕ್ಕೆ ಕರೆ ಮಾಡಲಿ. ಈ ಸಂಖ್ಯೆ ಕರ್ನಾಟಕದಲ್ಲೂ ಆಂಧ್ರದಲ್ಲೂ ನಡೆಯುತ್ತದೆ. ಉಳಿದವರು ಆಂಬುಲೆನ್ಸ್ ಬರುವವರೆಗೆ ಕಾಯದೆ ತಂಪು ಮಾಡಲು ಶುರುಮಾಡಲಿ. ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು, ಟವೆಲ್ಲಿನಿಂದ ಜೋರಾಗಿ ಗಾಳಿ ಬೀಸಿರಿ. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿರಿ, ಶ್ವಾಸನಾಳಕ್ಕೆ ಹೋದೀತು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡದು, ಏಕೆಂದರೆ ಇದು ಜ್ವರವಲ್ಲ. ಮೊದಲ ಅರ್ಧ ಗಂಟೆಯಲ್ಲಿ ನೀವು ಸುರಿದ ನಾಲ್ಕು ಕೊಡ ನೀರು ಒಂದು ಜೀವ ಉಳಿಸಬಲ್ಲದು.

ದಾಸೋಹದ ಊಟ

ದಾರಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ಕರೆಕರೆದು ಬಡಿಸುತ್ತಾರೆ. ಇದು ಈ ಯಾತ್ರೆಯ ಬಹು ದೊಡ್ಡ ಭಾಗ್ಯ. ಬಿಸಿಬಿಸಿಯಾಗಿ ಬಡಿಸಿದ್ದನ್ನು ಧಾರಾಳವಾಗಿ ಉಣ್ಣಿರಿ. ಬೆಳಿಗ್ಗೆ ಮಾಡಿಟ್ಟ ಅನ್ನ, ಹೆಚ್ಚಿಟ್ಟ ಹಣ್ಣು ಬೇಡ. ಈ ಸೆಕೆಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಇದ್ದದ್ದು ಮೂರು ತಾಸಿಗೆ 512! ಆರು ತಾಸಿಗೆ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿರಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಒಣ ಅವಲಕ್ಕಿ ವಾರಗಟ್ಟಲೆ ಕೆಡುವುದಿಲ್ಲ. ಅವುಗಳಲ್ಲಿ ಸೂಕ್ಷ್ಮಜೀವಿ ಬೆಳೆಯಲು ಬೇಕಾದ ನೀರೇ ಇಲ್ಲ. ನಮ್ಮ ಅಜ್ಜಿಯರು ಬುತ್ತಿ ಕಟ್ಟುವಾಗ ಈ ಸೂತ್ರವನ್ನು ಪಾಲಿಸಿದವರು. ಕೆರೆ-ಹೊಂಡದ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿಯೋ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಟ್ಟೋ ಕುಡಿಯಿರಿ.

ನಲ್ಲಮಲ ಕಾಡು

ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು ದಾಟಿದ ಮೇಲೆ ವೆಂಕಟಾಪುರದ ಬಳಿ ಕಾಡಿನ ಕಾಲುದಾರಿ ಶುರುವಾಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳನು, ಕೈಲಾಸದ್ವಾರ ಹಾಯ್ದು ಶ್ರೀಶೈಲಕ್ಕೆ ನಾಲ್ವತ್ತು ಕಿಲೋಮೀಟರಿನ ಆಚೀಚೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಯಾತ್ರಿಕರಿಗಾಗಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಭೀಮುನಿ ಕೊಳನಿನಲ್ಲಿ ಕಣಿವೆಗೆ ಇಳಿದು ಮತ್ತೆ ಏರಬೇಕು. ಏರುವಾಗ ಉಸಿರು ದಣಿಯುತ್ತದೆ, ಇಳಿಯುವಾಗ ಮೊಳಕಾಲು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಮರುದಿನ ನೋವು ಬರುವುದು ಅದರಿಂದಲೇ. ಕೈಯಲ್ಲೊಂದು ಕೋಲು ಹಿಡಿದು ಚಿಕ್ಕ ಹೆಜ್ಜೆ ಹಾಕಿರಿ. ಚೀಲದ ತೂಕ ನಿಮ್ಮ ತೂಕದ ಹತ್ತನೆಯ ಒಂದು ಭಾಗ ಮೀರದಿರಲಿ.

ಇದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ದೇಶದ ಅತಿ ದೊಡ್ಡವುಗಳಲ್ಲಿ ಒಂದು. ಚೆಂಚು ಜನರ ತವರು ಕೂಡ. ಮಲ್ಲಯ್ಯ ತಮ್ಮ ಅಳಿಯ ಎಂಬುದು ಅವರ ನಂಬಿಕೆ. ನಮಗೆ ಮಗಳ ಮನೆ, ಅವರಿಗೆ ಅಳಿಯನ ಮನೆ! ಬೀಗರ ಮನೆಗೆ ಹೋದವರು ಅಂಗಳ ಹೊಲಸು ಮಾಡಿ ಬರುವುದುಂಟೇ? ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಚೀಟಿ, ತಿಂಡಿಯ ಪೊಟ್ಟಣಗಳನ್ನು ಹೊತ್ತು ತಂದಂತೆಯೇ ಹೊತ್ತು ಮರಳಿ ತನ್ನಿರಿ. ಕೊಳಗಳಲ್ಲಿ ಸಾಬೂನು ಬೇಡ, ಅದೇ ನೀರನ್ನು ಕಾಡುಪ್ರಾಣಿಗಳೂ ಹಿಂದೆ ಬರುವ ಯಾತ್ರಿಕರೂ ಕುಡಿಯಬೇಕು. ಎಲೆ ಉದುರಿದ ಕಾಡು ಈ ತಿಂಗಳುಗಳಲ್ಲಿ ಕಡ್ಡಿಪೆಟ್ಟಿಗೆಯಂತೆ ಒಣಗಿರುತ್ತದೆ. ಆರಿಸದೆ ಎಸೆದ ಒಂದು ಬೀಡಿ ಸಾಕು. ಅರಣ್ಯ ಇಲಾಖೆಯವರು ತೆರೆದ ದಾರಿಯಲ್ಲಿ, ಅವರು ಹೇಳಿದ ವೇಳೆಯಲ್ಲಿ, ಗುಂಪಾಗಿ ಹೋಗಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಹೊತ್ತೊಯ್ಯಿರಿ. ಪ್ರತಿಯೊಬ್ಬರ ಕಿಸೆಯಲ್ಲೂ ಹೆಸರು, ಮನೆಯ ಫೋನು, ರಕ್ತದ ಗುಂಪು, ಕಾಯಿಲೆ, ಔಷಧಗಳನ್ನು ಬರೆದ ಚೀಟಿ ಇರಲಿ. ಕಾಡಿನೊಳಗೆ ಎಲ್ಲೆಡೆ ಮೊಬೈಲು ಸಿಗುವುದಿಲ್ಲ.

ಪಾಲಕರಿಗೆ ಎರಡು ಮಾತು

ಮಕ್ಕಳ ದೇಹ ಚಿಕ್ಕದು. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಬೆವರುವ ಶಕ್ತಿ ಕಡಿಮೆ. ಬಿಸಿಗಾಳಿಯಲ್ಲಿ ಅವರು ದೊಡ್ಡವರಿಗಿಂತ ಬೇಗ ಕಾಯುತ್ತಾರೆ. ಸಣ್ಣ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯಿರಿ, ಅವರ ದರ್ಶನಕ್ಕೆ ಕುಂದಿಲ್ಲ. ಹೈಸ್ಕೂಲಿನ ಮಕ್ಕಳು ಬರುವುದಾದರೆ ಅವರ ಹೆಜ್ಜೆಗೆ ನೀವು ಹೊಂದಿಕೊಳ್ಳಿರಿ. ನಿಮ್ಮ ಹೆಜ್ಜೆಗೆ ಅವರನ್ನು ಎಳೆಯಬೇಡಿರಿ.

ಇನ್ನು ಪರೀಕ್ಷೆ. ಹತ್ತನೆಯ ತರಗತಿ ಮತ್ತು ಪಿ.ಯು.ಸಿ. ಪರೀಕ್ಷೆಗಳು ಬರುವುದು ಇದೇ ಸುಗ್ಗಿಯಲ್ಲಿ. ಪರೀಕ್ಷೆ ಬರೆಯುವ ಮಗುವಿದ್ದ ಮನೆಯಿಂದ ತಂದೆ-ತಾಯಿ ಇಬ್ಬರೂ ಹದಿನೈದು ದಿನ ಹೊರಟುಹೋದರೆ ಆ ಮಗು ಹೊತ್ತಿಗೆ ಉಂಡಿತೇ, ಮಲಗಿತೇ ಎಂದು ನೋಡುವವರಾರು? ಒಬ್ಬರಾದರೂ ಉಳಿಯಿರಿ. 'ನೀನು ಪಾಸಾದರೆ ನಿನ್ನನ್ನು ನಡೆಸಿಕೊಂಡು ಬರುತ್ತೇನೆಂದು ಹರಕೆ ಹೊತ್ತಿದ್ದೇನೆ' ಎಂದು ಮಗುವಿಗೆ ಪರೀಕ್ಷೆಯ ಮುಂಚೆ ಹೇಳುವುದೂ ಬೇಡ. ಪರೀಕ್ಷೆಯ ಭಾರವೇ ಸಾಕಷ್ಟಿದೆ, ದೇವರ ಸಾಲವನ್ನೂ ಅದರ ತಲೆಗೆ ಕಟ್ಟಬಾರದು. ಗುಡ್ಡ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಕೊನೆಯದಾಗಿ, ಮರಳುವ ದಾರಿ. ಹಬ್ಬ ಮುಗಿದ ರಾತ್ರಿಯೇ ಟ್ರ್ಯಾಕ್ಟರು, ಟೆಂಪೊಗಳಲ್ಲಿ ಕಿಕ್ಕಿರಿದು ಹೊರಡುವುದು ರೂಢಿ. ನಡೆದವರು ಕುಳಿತಲ್ಲಿಯೇ ನಿದ್ದೆಹೋಗುತ್ತಾರೆ. ಆದರೆ ಅಷ್ಟೂ ದಿನ ತಂಡದ ಹಿಂದೆ ಗಾಡಿ ನಡೆಸಿದ ಚಾಲಕ ಮಲಗಿದ್ದು ಎಷ್ಟು ತಾಸು ಎಂದು ಕೇಳುವವರಿಲ್ಲ. ಮೊದಲು ಅವನಿಗೆ ಒಂದು ರಾತ್ರಿಯ ಪೂರ್ತಿ ನಿದ್ದೆ ಕೊಡಿಸಿರಿ, ಆಮೇಲೆ ಹೊರಡಿರಿ.

ಈ ವಾರದ ಪ್ರಶ್ನೆ: ಮಣ್ಣಿನ ಹರವಿಯ ನೀರು ರಾಯಚೂರಿನ ಬೇಸಿಗೆಯಲ್ಲಿ ಚೆನ್ನಾಗಿ ತಂಪಾಗುತ್ತದೆ. ಮಂಗಳೂರಿನಲ್ಲಿ ಅಷ್ಟು ತಂಪಾಗುವುದಿಲ್ಲ. ಏಕೆ? ಬೆವರಿನ ಲೆಕ್ಕವನ್ನು ಮತ್ತೊಮ್ಮೆ ಓದಿ ಉತ್ತರಿಸಿರಿ. ಸರಿಯುತ್ತರ ಮುಂದಿನ ವಾರ.